ಅಪ್ಪನ ಊಟಕ್ಕೊಂದು ಎಕ್ಸೆಲ್ ಶೀಟು

ಕಳೆದ ಸೆಪ್ಟೆಂಬರ್‌ನ ಒಂದು ಭಾನುವಾರ ಅಕ್ಕ ಕೋಪನ್‌ಹೇಗನ್‌ನಿಂದ ವಿಡಿಯೊ ಕಾಲ್ ಮಾಡಿದಳು. ಅವಳು ಅಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ‘ಡಿಸೆಂಬರ್‌ಗೆ ಅಪ್ಪ ರಿಟೈರ್ ಆಗ್ತಾರಲ್ಲ, ಬೇಸಿಗೆಯಲ್ಲಿ ನಿಮ್ಮನ್ನೆಲ್ಲ ಇಲ್ಲಿಗೆ ಕರೆಸಿಕೊಳ್ತೀನಿ. ಒಂದು ರಾತ್ರಿ ದೊಡ್ಡ ರೆಸ್ಟೊರೆಂಟ್‌ನಲ್ಲಿ ನಾರ್ಡಿಕ್ ಊಟ, ಖರ್ಚು ನಂದು. ಯಾವುದು ಅಂತ ಹುಡುಕೋ ಕೆಲಸ ನಿಂದು. ಎಂಜಿನಿಯರ್ ಅಲ್ವಾ?’ ಅಂದಳು. ನಾನಿನ್ನೂ ಐದನೇ ಸೆಮಿಸ್ಟರ್, ಅದರಲ್ಲೂ ಒಂದು ಬ್ಯಾಕ್‌ಲಾಗ್ ಇಟ್ಟುಕೊಂಡವನು. ಆದರೂ ಎಕ್ಸೆಲ್ ಶೀಟ್ ತೆರೆದೆ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಏನೂ ತೋಚದಿದ್ದಾಗ ಮಾಡುವ ಮೊದಲ ಕೆಲಸ ಅದೇ ತಾನೆ.

ಅಪ್ಪನ ಬಗ್ಗೆ ಒಂದೆರಡು ಮಾತು ಹೇಳಬೇಕು. ನಮ್ಮ ಮನೆ ಆಂಡರ್ಸನ್‌ಪೇಟೆಯಲ್ಲಿ. ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ನೆಲದಿಂದ ಮೂರು ಕಿಲೊಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ, ಜಗತ್ತಿನ ಅತಿ ಆಳದ ಗಣಿಗಳಲ್ಲೊಂದು ಅದು. ಅಪ್ಪನೂ ಹನ್ನೆರಡು ವರ್ಷ ಗಣಿಯಲ್ಲಿದ್ದರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡ ಅಪ್ಪ ಬೆಂಗಳೂರಿನ ಕಾರ್ಖಾನೆಯೊಂದರ ಕ್ಯಾಂಟೀನಿಗೆ ಸೇರಿದರು. ಮೊದಲು ಪಾತ್ರೆ ತೊಳೆಯುವ ಕೆಲಸ, ಆಮೇಲೆ ಬಡಿಸುವ ಕೆಲಸ. ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಹೋದರೆ ವಾಪಸ್ ಬರುವಾಗ ನಾವು ಉಂಡು ಮಲಗಿರುತ್ತಿದ್ದೆವು. ಇಪ್ಪತ್ನಾಲ್ಕು ವರ್ಷ ಹೀಗೇ. ಸಾವಿರಾರು ಜನಕ್ಕೆ ಬಿಸಿ ಅನ್ನ ಬಡಿಸಿದ ಅಪ್ಪ ಮನೆಯಲ್ಲಿ ತಟ್ಟೆ ಮುಚ್ಚಿಟ್ಟ ತಣ್ಣನೆ ಮುದ್ದೆ ತಿನ್ನುತ್ತಿದ್ದರು. ನಮ್ಮೂರಿನಲ್ಲಿ ಇದು ವಿಶೇಷವಲ್ಲ ಬಿಡಿ, ಬೀದಿಗೆ ಹತ್ತು ಮನೆಯಲ್ಲಿ ಇದೇ ಕಥೆ.

ಶೀಟಿನ ಮೊದಲ ಸಾಲಿಗೆ ಬಂದದ್ದು ‘ನೋಮಾ’. ನಾರ್ಡಿಕ್ ಊಟ ಅಂತ ಹುಡುಕಿದವರಿಗೆಲ್ಲ ಮೊದಲು ಸಿಗುವ ಹೆಸರು. 2003ರಲ್ಲಿ ರೆನೆ ರೆಡ್ಜೆಪಿ ಮತ್ತು ಕ್ಲೌಸ್ ಮೇಯರ್ ಕೋಪನ್‌ಹೇಗನ್‌ನಲ್ಲಿ ಶುರು ಮಾಡಿದ್ದು. ಡ್ಯಾನಿಶ್ ಭಾಷೆಯಲ್ಲಿ ‘ನಾರ್ಡಿಸ್ಕ್’ ಅಂದರೆ ನಾರ್ಡಿಕ್, ‘ಮಾಡ್’ ಅಂದರೆ ಊಟ. ಎರಡರ ಮೊದಲ ಅಕ್ಷರಗಳನ್ನು ಸೇರಿಸಿ ನೋಮಾ. ಅಲ್ಲಿಯವರೆಗೆ ಆ ದೇಶಗಳಲ್ಲಿ ದುಬಾರಿ ಊಟ ಅಂದರೆ ಫ್ರಾನ್ಸ್ ಊಟವೇ. ಇವರು ಆಲಿವ್ ಎಣ್ಣೆ, ಟೊಮೆಟೊದಂಥ ದಕ್ಷಿಣದ ಪದಾರ್ಥಗಳ ಹಂಗು ಬೇಡ, ನಮ್ಮ ನೆಲದಲ್ಲಿ, ನಮ್ಮ ಸಮುದ್ರದಲ್ಲಿ ಸಿಗುವುದನ್ನೇ ಬಡಿಸುತ್ತೇವೆ ಅಂತ ಹೊರಟರು. 2004ರಲ್ಲಿ ಹನ್ನೆರಡು ಮಂದಿ ಬಾಣಸಿಗರು ಸೇರಿ ಹತ್ತು ಅಂಶಗಳ ಪ್ರಣಾಳಿಕೆಗೆ ಸಹಿ ಹಾಕಿದರು. ಆಯಾ ಋತುವಿನಲ್ಲಿ ಸಿಕ್ಕಿದ್ದನ್ನು ಆಯಾ ಊಟದಲ್ಲಿ ಬಡಿಸಬೇಕು, ಸ್ಥಳೀಯ ಪದಾರ್ಥ ಬಳಸಬೇಕು, ಹೀಗೆ. ಕಾಡಿನಲ್ಲಿ, ಸಮುದ್ರದ ದಡದಲ್ಲಿ ಓಡಾಡಿ ಸೊಪ್ಪು, ಹಣ್ಣು, ಪಾಚಿ ಕಿತ್ತು ತರುವುದೇ ಅವರ ಹೆಗ್ಗಳಿಕೆ. ಜೊತೆಗೆ ಹುದುಗಿಸುವುದು, ಉಪ್ಪಿನಲ್ಲಿ ಹಾಕುವುದು, ಒಣಗಿಸುವುದು. ಆರು ತಿಂಗಳು ಏನೂ ಬೆಳೆಯದ ಚಳಿ ದೇಶ, ಮಾಡದೆ ವಿಧಿಯಿಲ್ಲ. 2010, 2011, 2012, 2014, 2021ರಲ್ಲಿ ಜಗತ್ತಿನ ಅತ್ಯುತ್ತಮ ರೆಸ್ಟೊರೆಂಟ್ ಎಂಬ ಪಟ್ಟ ನೋಮಾಗೇ ಸಿಕ್ಕಿತು.

ಇದನ್ನೆಲ್ಲ ಜೋರಾಗಿ ಓದಿ ಹೇಳಿದಾಗ ಅಮ್ಮ ಬೆರಕೆ ಸೊಪ್ಪು ಸೋಸುತ್ತ ಕೂತಿದ್ದಳು. ಕೋಲಾರದ ಕಡೆಯವರಿಗೆ ಬೆರಕೆ ಸೊಪ್ಪಿನ ಬಗ್ಗೆ ಹೇಳಬೇಕಿಲ್ಲ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಯಾರೂ ಬಿತ್ತದೆ ಬೆಳೆಯುವ ಅಣ್ಣೆ, ಗಣಿಕೆ, ಹೊನಗೊನೆ, ಗೋಣಿ ಎಲ್ಲ ಸೇರಿಸಿ ಮಾಡುವ ಮಸ್ಸೊಪ್ಪು. ‘ಅಂದ್ರೆ ಬದುವಿನ ಸೊಪ್ಪು ತಿನ್ನೋಕೆ ವಿಮಾನ ಹತ್ತಬೇಕಾ?’ ಅಂದಳು. 2012ರಲ್ಲಿ ಲಂಡನ್ನಿನಲ್ಲಿ ನೋಮಾದವರು ಜೀವಂತ ಇರುವೆ ಬಡಿಸಿದ ಸುದ್ದಿಯನ್ನೂ ಓದಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಅಜ್ಜಿ ಮೊದಲ ಮಳೆಗೆ ಏಳುವ ರೆಕ್ಕೆ ಗೆದ್ದಲನ್ನು ಹಿಡಿದು ಹುರಿದುಕೊಡುತ್ತಿದ್ದಳಂತೆ, ಕಡ್ಲೆಪುರಿ ಜೊತೆ. ‘ನಮ್ಮಜ್ಜಿ ಹುರಿದು ಕೊಡ್ತಿದ್ಲು, ಇವರಿಗೆ ಅಷ್ಟೂ ವ್ಯವಧಾನ ಇಲ್ಲ’ ಅಂದಳು.

ಹಣದ ಕಾಲಂ ತುಂಬುವಾಗ ನನ್ನ ಕೈ ನಡುಗಿತು. 2023ರ ಹೊತ್ತಿಗೆ ನೋಮಾದಲ್ಲಿ ಒಬ್ಬರ ಊಟಕ್ಕೆ ಸುಮಾರು 500 ಡಾಲರ್. ನಾಲ್ವರಿಗೆ ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ದಾಟುತ್ತದೆ, ನನ್ನ ಒಂದು ವರ್ಷದ ಫೀಸಿಗಿಂತ ಜಾಸ್ತಿ. ಅಲ್ಲದೆ ಇಂಥ ಕಡೆ ನಮ್ಮ ಹೋಟೆಲುಗಳ ಹಾಗೆ ಮೆನು ನೋಡಿ ‘ಒಂದು ಪ್ಲೇಟ್ ಅದು, ಬೈ ಟು ಇದು’ ಅನ್ನುವಂತಿಲ್ಲ. ಅವರು ತೀರ್ಮಾನಿಸಿದ ಊಟ, ಒಂದರ ಹಿಂದೆ ಒಂದು ಹದಿನೈದು ಇಪ್ಪತ್ತು ಪುಟ್ಟ ತಟ್ಟೆಗಳಲ್ಲಿ ಬರುತ್ತದೆ. ಮೂರು ಗಂಟೆಗೂ ಹೆಚ್ಚು ಕೂರಬೇಕು. ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ, ಸಾಮಾನ್ಯವಾಗಿ ಹಣ ಮೊದಲೇ ಕಟ್ಟಬೇಕು. ಏನು ತಿನ್ನುವುದಿಲ್ಲ ಅನ್ನುವುದನ್ನು ಬುಕ್ ಮಾಡುವಾಗಲೇ ಹೇಳಬೇಕು. ಅಲ್ಲಿಗೆ ಹೋದ ಮೇಲೆ ‘ಶನಿವಾರ ನಾನ್‌ವೆಜ್ ಮುಟ್ಟಲ್ಲ’ ಅಂದರೆ ಆಗದು. ವೈನ್ ಬೇಡದವರಿಗೆ ಹಣ್ಣಿನ ರಸಗಳ ಜೋಡಿಯೂ ಇರುತ್ತದೆ. ಟಿಪ್ಸ್ ಕೊಡಲೇಬೇಕೆಂಬ ಕಟ್ಟಳೆ ಡೆನ್ಮಾರ್ಕ್‌ನಲ್ಲಿ ಇಲ್ಲ ಅನ್ನುವುದೊಂದು ಸಮಾಧಾನ.

ನೋಮಾವನ್ನು ನಾನು ಪಟ್ಟಿಯಿಂದ ತೆಗೆದೆ. 2023ರ ಜನವರಿಯಲ್ಲಿ ರೆಡ್ಜೆಪಿ ಈ ರೀತಿಯ ರೆಸ್ಟೊರೆಂಟ್ ನಡೆಸುವುದು ಇನ್ನು ಸಾಧ್ಯವಿಲ್ಲ, 2024ರ ಕೊನೆಗೆ ಮುಚ್ಚುತ್ತೇವೆ ಅಂದಿದ್ದು ಒಂದು ಕಾರಣ. ಇನ್ನೊಂದು, ಅದರ ಅಡುಗೆಮನೆಯಲ್ಲಿ ವರ್ಷಾನುಗಟ್ಟಲೆ ಇಂಟರ್ನ್‌ಗಳು ಸಂಬಳವಿಲ್ಲದೆ ದುಡಿಯುತ್ತಿದ್ದರು. ಟೀಕೆ ಬಂದ ಮೇಲೆ, 2022ರಲ್ಲಷ್ಟೇ ಅವರಿಗೆ ಸಂಬಳ ಶುರುವಾಯಿತು. ಜಗತ್ತಿನ ನಂಬರ್ ಒನ್ ಅನ್ನಿಸಿಕೊಂಡವರೂ ಹೀಗೇ! ಇಂಟರ್ನ್‌ಶಿಪ್ ಸರ್ಟಿಫಿಕೇಟಿಗೆ ಕೈಯಿಂದ ದುಡ್ಡು ಕೊಟ್ಟ ನನ್ನ ಸೀನಿಯರ್‌ಗಳು ನೆನಪಾದರು.

ಉಳಿದವುಗಳಲ್ಲಿ ಮೇಲೆ ಬಂದದ್ದು ‘ಜೆರೇನಿಯಂ’. ಕೋಪನ್‌ಹೇಗನ್‌ನ ಪಾರ್ಕನ್ ಫುಟ್‌ಬಾಲ್ ಸ್ಟೇಡಿಯಂನ ಎಂಟನೇ ಮಹಡಿಯಲ್ಲಿದೆ. 2016ರಲ್ಲಿ ಮೂರು ಮಿಶೆಲಿನ್ ಸ್ಟಾರ್ ಪಡೆದ ಡೆನ್ಮಾರ್ಕ್‌ನ ಮೊದಲ ರೆಸ್ಟೊರೆಂಟ್, 2022ರ ಜಗತ್ತಿನ ಅತ್ಯುತ್ತಮ. ಅದೇ ವರ್ಷದಿಂದ ಮಾಂಸ ಬಿಟ್ಟು ಮೀನು, ತರಕಾರಿ ಮಾತ್ರ ಬಡಿಸುತ್ತಾರೆ. ದನದ ಮಾಂಸ ಇದೆಯೋ ಇಲ್ಲವೋ ಅನ್ನುವ ಅಮ್ಮನ ಆತಂಕಕ್ಕೆ ಇದು ಸರಿಯಾದ ಉತ್ತರ ಅನ್ನಿಸಿತು.

ಆದರೆ ಶೀಟಿನ ಕೊನೆಯಲ್ಲಿ ಒಂದು ಕಾಲಂ ಇತ್ತು. ಅಕ್ಕನಿಗೆ ಕಳಿಸುವಾಗ ಅದನ್ನು ಹೈಡ್ ಮಾಡಿ ಕಳಿಸಿದ್ದೆ. ಅದರ ಹೆಸರು ‘ಅಪ್ಪನಿಗೆ ಮುಜುಗರ ಆಗದು: ಹೌದು/ಇಲ್ಲ’.

ಇದರ ಹಿಂದೆ ಒಂದು ಸಂಗತಿ ಇದೆ. ನಾನು ಬಿಇಗೆ ಸೇರಿದ ವರ್ಷ, ಸಂಬಂಧಿಕರ ಮಗನ ರಿಸೆಪ್ಷನ್ ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ನಡೆಯಿತು. ನನ್ನ ಇಬ್ಬರು ಹೊಸ ಗೆಳೆಯರೂ ಬಂದಿದ್ದರು. ಅಪ್ಪ ನೀರು ತಂದುಕೊಟ್ಟ ಹುಡುಗನಿಗೆ ‘ಥ್ಯಾಂಕ್ಸ್ ಸಾರ್’ ಅಂದರು. ಊಟ ಮುಗಿದ ಮೇಲೆ ನಮ್ಮ ಟೇಬಲ್ಲಿನ ತಟ್ಟೆಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ, ಚಮಚಗಳನ್ನು ಒಂದು ಕಡೆ ಮಾಡಿ, ಎತ್ತಿಕೊಂಡು ಹೋಗಲು ಸುಲಭವಾಗುವಂತೆ ತುದಿಗೆ ಸರಿಸಿದರು. ನಾನು ಟೇಬಲ್ ಕೆಳಗೆ ಅವರ ಕಾಲು ತುಳಿದು, ‘ಅಪ್ಪಾ, ಅವರಿಗೆಲ್ಲ ಸಾರ್ ಅನ್ನಬೇಡ, ಪ್ಲೇಟ್ ಬಿಡು’ ಅಂದೆ. ಮೆಲ್ಲಗೇ ಹೇಳಿದ್ದು, ಆದರೆ ಗೆಳೆಯರಿಗೂ ಕೇಳಿಸಿತು, ಆ ಹುಡುಗನಿಗೂ. ಅಪ್ಪ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬಂಗಾರಪೇಟೆ ಬರುವವರೆಗೂ ರೈಲಿನಲ್ಲಿ ಮಾತಾಡಲಿಲ್ಲ. ಮುಜುಗರ ಆಗಿದ್ದು ಯಾರಿಗೆ, ಕಾಲಂಗೆ ಯಾರ ಹೆಸರಿಡಬೇಕಿತ್ತು ಅಂತ ನನಗೆ ಗೊತ್ತಿತ್ತು. ಹೈಡ್ ಮಾಡಿದ್ದೂ ಅದಕ್ಕೇ.

ನೋಮಾ ಬಗ್ಗೆ ಓದುವಾಗಲೇ ಅಲಿ ಸೊಂಕೊ ಸಿಕ್ಕಿದ್ದು. ಆಫ್ರಿಕಾದ ಗ್ಯಾಂಬಿಯಾದಿಂದ ಡೆನ್ಮಾರ್ಕ್‌ಗೆ ಬಂದವರು, ನೋಮಾ ಶುರುವಾದಾಗಿನಿಂದ ಅಲ್ಲಿ ಪಾತ್ರೆ ತೊಳೆದವರು. 2010ರಲ್ಲಿ ಪ್ರಶಸ್ತಿ ತೆಗೆದುಕೊಳ್ಳಲು ಎಲ್ಲರೂ ಲಂಡನ್ನಿಗೆ ಹೊರಟಾಗ ಅವರಿಗೆ ವೀಸಾ ಸಿಗಲಿಲ್ಲ. ತಂಡದವರು ಅವರ ಮುಖ ಅಚ್ಚು ಹಾಕಿಸಿದ ಟೀ ಶರ್ಟ್ ತೊಟ್ಟು ವೇದಿಕೆ ಹತ್ತಿದರು. 2017ರಲ್ಲಿ ಅವರನ್ನು ರೆಸ್ಟೊರೆಂಟಿನ ಪಾಲುದಾರರನ್ನಾಗಿ ಮಾಡಲಾಯಿತು. ತಮ್ಮ ತಂದೆಯ ಹೆಸರೂ ಅಲಿ, ಡೆನ್ಮಾರ್ಕ್‌ಗೆ ಬಂದ ಹೊಸದರಲ್ಲಿ ಅವರೂ ಪಾತ್ರೆ ತೊಳೆಯುತ್ತಿದ್ದರು ಎಂದು ರೆಡ್ಜೆಪಿ ಆಗ ಹೇಳಿಕೊಂಡಿದ್ದರು. ಇಂಟರ್ನ್‌ಗಳಿಗೆ ಸಂಬಳ ಕೊಡದ ರೆಸ್ಟೊರೆಂಟೂ ಇದೇ, ಪಾತ್ರೆ ತೊಳೆದವರಿಗೆ ಪಾಲು ಕೊಟ್ಟಿದ್ದೂ ಇದೇ.

ಅಪ್ಪನಿಗೆ ಫೋಟೊ ತೋರಿಸಿದೆ. ನಗುತ್ತಿರುವ ಸೊಂಕೊ ಅವರನ್ನು ಬಹಳ ಹೊತ್ತು ನೋಡಿದರು. ‘ಕೈ ಕಾಣೋ ಫೋಟೊ ಇದೆಯಾ?’ ಅಂದರು. ಯಾಕೆ ಅಂದೆ. ‘ಸೋಡಾ ಪೌಡರ್‌ನಲ್ಲಿ ನನ್ನ ಬೆರಳ ಸಂದಿ ಎರಡು ವರ್ಷ ಬಿರಿದಿತ್ತು. ಅಲ್ಲಿ ಬಿಸಿನೀರಿರುತ್ತೋ ಏನೋ’ ಅಂದರು. ಈ ವಿಷಯ ನನಗೆ ಗೊತ್ತೇ ಇರಲಿಲ್ಲ.

ಜನವರಿಯಲ್ಲಿ ಅಕ್ಕ ಹದಿನೈದು ದಿನದ ರಜೆಗೆ ಬಂದಳು. ಅವರೆಕಾಯಿ ಕಾಲ ನೋಡಿಕೊಂಡೇ ಟಿಕೆಟ್ ಮಾಡಿಸಿದ್ದಳು ಅಂತ ನನ್ನ ಅನುಮಾನ. ಬೇಸಿಗೆಗೆ ಮುಂಚೆ ಒಂದು ರಿಹರ್ಸಲ್ ಆಗಲಿ ಅಂತ ನಾನು ಸೂಚಿಸಿದೆ. ಕರ್ನಾಟಕದಲ್ಲಿ ನನಗೆ ಸಿಕ್ಕ ನಾರ್ಡಿಕ್ ಊಟದ ಜಾಗ ಒಂದೇ: 2022ರ ಜೂನ್‌ನಲ್ಲಿ ನಾಗಸಂದ್ರ ಮೆಟ್ರೊ ಸ್ಟೇಷನ್ ಪಕ್ಕ ಶುರುವಾದ ಐಕಿಯಾ. ಮಂಚ, ಕುರ್ಚಿ ಮಾರುವ ಸ್ವೀಡನ್ನಿನ ಅಂಗಡಿ, ಒಳಗೊಂದು ರೆಸ್ಟೊರೆಂಟ್. ಫೈನ್ ಡೈನಿಂಗ್ ಅಲ್ಲವೇ ಅಲ್ಲ. ಅಕ್ಕ ಬಿದ್ದು ಬಿದ್ದು ನಕ್ಕಳು. ಆದರೂ ಹೋದೆವು, ಅಪ್ಪನ ಅದೇ ಹಳೇ ರೈಲಿನಲ್ಲಿ. ಅವರ ಜೊತೆ ಇಸ್ಪೀಟ್ ಆಡುತ್ತಿದ್ದ ಬೋಗಿ ಗೆಳೆಯರು ‘ಏನ್ ಗುರು, ಮತ್ತೆ ಕೆಲಸಕ್ಕಾ?’ ಅಂತ ರೇಗಿಸಿದರು.

ಅಲ್ಲಿ ಟ್ರೇ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಥೇಟ್ ಕ್ಯಾಂಟೀನಿನಂತೆ. ಅಪ್ಪನ ಮುಖದಲ್ಲಿ ನೆಮ್ಮದಿ ಬಂತು. ಅಮ್ಮನಿಗೆ ತರಕಾರಿ ಉಂಡೆ, ನಮಗೆ ಚಿಕನ್ ಮೀಟ್‌ಬಾಲ್, ಮೇಲೆ ಕೆನೆಯ ಸಾಸ್, ಪಕ್ಕದಲ್ಲಿ ಆಲೂಗಡ್ಡೆ ಮುದ್ದೆ ಮತ್ತು ಲಿಂಗನ್‌ಬೆರಿ ಎಂಬ ಹುಳಿ ಹಣ್ಣಿನ ಜಾಮ್. ಅಮ್ಮ ಅದನ್ನು ನಾಲಿಗೆಗೆ ಹಚ್ಚಿ ‘ಕವಳೆ ಹಣ್ಣು’ ಎಂದು ತೀರ್ಪು ಕೊಟ್ಟಳು. ಅಪ್ಪ ಒಂದು ಉಂಡೆ ತಿಂದು, ‘ಇದು ನಮ್ಮೂರ ಬಾಲ್ ಕರಿ ಕಣೋ, ಖಾರ ಹಾಕೋದು ಮರೆತಿದ್ದಾರೆ’ ಅಂದರು. ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಹಳದಿ ಅನ್ನದ ಜೊತೆ ಮಾಡುವ ಬಾಲ್ ಕರಿ ಅವರಿಗೆ ಗಣಿಯ ದಿನಗಳಿಂದ ಗೊತ್ತು. ಅಪ್ಪ ಪೂರ್ತಿ ತಪ್ಪಿರಲಿಲ್ಲ. ಈ ಉಂಡೆಯ ಮೂಲ ಹನ್ನೆರಡನೇ ಚಾರ್ಲ್ಸ್ ದೊರೆ ಟರ್ಕಿಯಿಂದ ತಂದ ಪಾಕ ಎಂದು 2018ರಲ್ಲಿ ಸ್ವೀಡನ್ ದೇಶದ ಅಧಿಕೃತ ಟ್ವಿಟರ್ ಖಾತೆಯೇ ಹೇಳಿತ್ತು. ಅಂದರೆ ಎರಡೂ ಕಡೆ ಕೋಫ್ತಾದ ನೆಂಟರೇ.

ಊಟವಾದ ಮೇಲೆ ಟ್ರೇಗಳನ್ನು ನಾವೇ ಒಯ್ದು ಸ್ಟ್ಯಾಂಡಿನಲ್ಲಿ ಇಡಬೇಕು. ಅಪ್ಪ ನಮ್ಮ ನಾಲ್ಕು ಟ್ರೇ ಇಟ್ಟರು. ಆಮೇಲೆ ಯಾರೋ ಅಡ್ಡಾದಿಡ್ಡಿ ತುರುಕಿದ್ದ ಟ್ರೇಗಳನ್ನು ಒಂದೊಂದಾಗಿ ನೇರ ಮಾಡತೊಡಗಿದರು. ಹಿಂದೆ ಸಾಲು ಬೆಳೆಯಿತು. ನಾನು ಹೋಗಿ ಪಕ್ಕದಲ್ಲಿ ನಿಂತು ಕೆಳಗಿನ ಸಾಲಿನ ಟ್ರೇ ಸರಿಮಾಡಿದೆ. ‘ಗ್ಲಾಸ್ ಮೊದಲು ತೆಗಿ, ಇಲ್ಲಾಂದ್ರೆ ಬೀಳುತ್ತೆ’ ಅಂದರು. ಅಲ್ಲಿದ್ದ ಹುಡುಗಿ ‘ಥ್ಯಾಂಕ್ಯೂ ಅಂಕಲ್’ ಅಂದಾಗ ಅಪ್ಪ ‘ಪರವಾಗಿಲ್ಲ ಮೇಡಂ’ ಅಂದರು.

ವಾಪಸ್ ಬರುವಾಗ ಬಂಗಾರಪೇಟೆಯಲ್ಲಿ ಇಳಿದು ಪಾನಿಪೂರಿ ತಿಂದೆವು. ನಮ್ಮಲ್ಲಿ ಅದರ ನೀರು ತಿಳಿ ನೀರಿನಷ್ಟೇ ಪಾರದರ್ಶಕ, ಖಾರ ಮಾತ್ರ ಕಣ್ಣಲ್ಲಿ ಗೊತ್ತಾಗುತ್ತದೆ. ಅಕ್ಕ ಮೂಗು ಒರೆಸಿಕೊಳ್ಳುತ್ತ, ‘ಹಾಗಾದ್ರೆ ಜೂನ್‌ಗೆ ಜೆರೇನಿಯಂ ಬುಕ್ ಮಾಡ್ಲಾ, ಬೇಡ್ವಾ? ಈಗಲೇ ಹೇಳಿ’ ಅಂದಳು. ದುಡ್ಡಿನ ಮಾತು ಬಂದರೆ ಅಪ್ಪ ಬೇಡ ಅನ್ನುತ್ತಾರೆ ಅಂತ ನಾನು ಎಣಿಸಿದ್ದೆ. ಅವರು ಇನ್ನೊಂದು ಪೂರಿಗೆ ಎಲೆ ಮುಂದೆ ಹಿಡಿದು ಕೇಳಿದರು: ‘ಎಂಟನೇ ಮಹಡಿಯಿಂದ ಮ್ಯಾಚ್ ಕಾಣುತ್ತಾ?’

ಕಿಟಕಿ ಯಾವ ಕಡೆಗಿದೆ ಅಂತ ಅಕ್ಕ ಹೋಗಿ ನೋಡಿಕೊಂಡು ಬರಬೇಕು. ಶೀಟಿನಲ್ಲಿ ಆ ಹೈಡ್ ಮಾಡಿದ ಕಾಲಂ ಅಳಿಸಿ, ಅದೇ ಜಾಗದಲ್ಲಿ ‘ಮೈದಾನ ಕಾಣುತ್ತದೆಯೇ’ ಅಂತ ಬರೆದಿಟ್ಟಿದ್ದೇನೆ.