ಕತ್ತಾಳೆಗೆ ಕೌದಿ ಹೊದಿಸಿದ ಕಥೆ

ಕತ್ತಾಳೆಗೆ ಚಳಿಯಾಗುತ್ತದೆಂದು ಯಾರಾದರೂ ಕೌದಿ ಹೊದಿಸುತ್ತಾರೆಯೇ ಮಕ್ಕಳೇ? ನಮ್ಮ ಮನೆಯಲ್ಲಿ ಹೊದಿಸಿದ್ದರು.

ಹುಮನಾಬಾದ್ ಹತ್ತಿರದ ನಮ್ಮ ಹೊಲದ ಬದುವಿಗೆ ಯಜಮಾನರು ಸಾಲಾಗಿ ಕತ್ತಾಳೆ ಹಚ್ಚಿದ್ದರು. ದನ ಒಳಗೆ ಬರುತ್ತಿರಲಿಲ್ಲ. ಎಲೆ ನೆನೆಹಾಕಿ ಬಡಿದು ನಾರು ತೆಗೆದರೆ ಹಗ್ಗಕ್ಕೂ ಆಗುತ್ತಿತ್ತು. ಅವರು ತೀರಿಕೊಂಡ ಮೇಲೆ ಹೊಲ ಮಾರಿದೆವು. ಕೊಂಡವರು ಸಾಲು ಕೀಳುವ ಮೊದಲೇ ಬುಡದ ಎರಡು ಮರಿ ಎಬ್ಬಿಸಿದೆ. ಒಂದು ಹುಮನಾಬಾದಿನ ತಂಗಿಗೆ. ಇನ್ನೊಂದನ್ನು ಚೀಲದಲ್ಲಿಟ್ಟು ಬಸ್ ಹತ್ತಿ, ಸಸ್ತಾಪುರ ಬಂಗ್ಲಾದಲ್ಲಿ ಇಳಿದು ಬಸವಕಲ್ಯಾಣಕ್ಕೆ ತಂದೆ. ದಾರಿಯಲ್ಲಿ ಅದರ ಮುಳ್ಳು ಚೀಲ ತೂರಿ ಪಕ್ಕದವರ ಮೊಣಕಾಲಿಗೆ ಚುಚ್ಚಿತು. ಅವರ ಬೈಗುಳ ಇನ್ನೂ ನೆನಪಿದೆ.

ನಮ್ಮ ಗಡಿಯ ಮರಾಠಿಯವರು ಘಾಯಪಾತ ಎನ್ನುವ ಈ ಕತ್ತಾಳೆ ಮೆಕ್ಸಿಕೊ ಕಡೆಯ ಬಿಸಿನಾಡಿನದು. ದಪ್ಪ ಎಲೆಯೇ ಅದರ ನೀರಿನ ಕೊಡ. ಹಗಲು ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಗಾಳಿ ಎಳೆದುಕೊಳ್ಳುತ್ತದೆ. ಹಾಗಾಗಿ ಬಿಸಿಲಿಗೆ ನೀರು ಆರುವುದು ಕಡಿಮೆ. ನಮ್ಮ ಊರುಗಳೋ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ. ಬೇಸಿಗೆಯಲ್ಲಿ 40 ಡಿಗ್ರಿ ಸುಡುವ ಇಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ.

ಎರಡು ವರ್ಷ ಗಿಡ ತನ್ನ ಪಾಡಿಗೆ ಬೆಳೆಯಿತು. ಮೂರನೆಯ ಚಳಿಗಾಲದ ಹೊತ್ತಿಗೆ ಮೊಮ್ಮಗಳು ನಮ್ಮಲ್ಲಿದ್ದು ಆರನೆಯ ತರಗತಿ ಓದುತ್ತಿದ್ದಳು. “ಆಯಿ, ಮುತ್ಯಾನ ಗಿಡಕ್ಕ ಥಂಡಿ ಹತ್ತಲತ್ತದ” ಎಂದು ಹಳೆಯ ಕೌದಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿದಳು. ದಿನಾ ಸಂಜೆ ಒಂದು ತಂಬಿಗೆ ನೀರು ಬೇರೆ. ಅಜ್ಜನ ಮೇಲಿನ ಪ್ರೀತಿಯಲ್ಲವೇ, ನಾನೂ ಬೇಡವೆನ್ನಲಿಲ್ಲ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಹೋಗಿ ಬಂದು ಹೊದಿಕೆ ಸರಿಸಿದರೆ ಕೆಟ್ಟ ವಾಸನೆ. ಸುಳಿ ಹಿಡಿದೆಳೆದೆ, ಕೈಗೇ ಬಂತು. ಹುಡುಗಿ ಅಂದು ಉಣ್ಣಲಿಲ್ಲ.

ಜಾತ್ರೆಗೆ ಹೋದಾಗ ತಂಗಿಯ ಗಿಡ ನೋಡಿದ್ದೆ. ಅದೇ ಚಳಿ, ಮೇಲೆ ಏನೂ ಇಲ್ಲ. ಕಲ್ಲು ಕೂಡಿದ ಕೆಂಪು ಮಣ್ಣಿನ ದಿಬ್ಬದ ಮೇಲೆ ನೆಟ್ಟಗೆ ನಿಂತಿತ್ತು. ಹಾಗಾದರೆ ನಮ್ಮದನ್ನು ಕೊಂದದ್ದು ಚಳಿಯಲ್ಲ, ನೀರು. ಥಂಡಿಯಲ್ಲಿ ಕತ್ತಾಳೆ ಬೆಳೆಯುವುದನ್ನೇ ಹೆಚ್ಚುಕಡಿಮೆ ನಿಲ್ಲಿಸುತ್ತದೆ, ಬೇರು ನೀರು ಕುಡಿಯುವುದೂ ಅಷ್ಟಕ್ಕಷ್ಟೇ. ನಮ್ಮ ಅಂಗಳದ ಎರೆಮಣ್ಣು ಹಿಡಿದ ತೇವ ಬಿಡದು. ಪ್ಲಾಸ್ಟಿಕ್ಕಿನೊಳಗೆ ಬೆವರು. ಕೊಳೆಯದೆ ಇನ್ನೇನಾದೀತು?

ಇಂಗ್ಲೆಂಡಿನ ನೈಋತ್ಯ ತುದಿಯಾಚೆ, ಸಿಲಿ ದ್ವೀಪಗಳ ಟ್ರೆಸ್ಕೊ ಎಂಬಲ್ಲಿ 1834ರಲ್ಲಿ ಶುರುವಾದ ತೋಟವೊಂದಿದೆ. ಕಡಲಿನ ಬೆಚ್ಚಗಿನ ಗಾಳಿ, ಸುತ್ತ ಮರಗಳ ಗೋಡೆ, ನೀರು ಬಸಿಯುವ ಇಳಿಜಾರು ಇರುವುದರಿಂದ ಕತ್ತಾಳೆ ಜಾತಿಯ ಗಿಡಗಳು ಅಲ್ಲಿ ಬಯಲಲ್ಲೇ ಬೆಳೆಯುತ್ತವೆ. 1987ರ ಜನವರಿಯ ಹಿಮ ಮಾತ್ರ ಆ ತೋಟದ ಬಹಳಷ್ಟು ಗಿಡಗಳನ್ನು ಕೊಂದಿತು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಚಳಿಗಾಲವೂ ಒಣ. ನೀರು ಹಾಕುವ ಕೈಯನ್ನು ತಡೆದುಕೊಂಡರೆ ಆಯಿತು.

ಹೋಳಿಯ ನಂತರ ತಂಗಿಯ ಗಿಡದ ಬುಡದಿಂದ ಮರಿ ತಂದೆವು. ಇಟ್ಟಿಗೆ ಚೂರು, ಗರಸು ಸೇರಿಸಿ, ಬಿಸಿಲು ಬೀಳುವ ಗೋಡೆಯ ಬುಡಕ್ಕೆ ಒಂದೂವರೆ ಅಡಿ ಎತ್ತರದ ಕಟ್ಟೆ ಕಟ್ಟಿ ನೆಟ್ಟೆವು. ಹಗಲು ಕಾದ ಗೋಡೆ ರಾತ್ರಿ ಬಿಸಿ ಬಿಡುತ್ತದೆ. ದೀಪಾವಳಿಯಿಂದ ಶಿವರಾತ್ರಿವರೆಗೆ ಹನಿ ನೀರಿಲ್ಲ. ಚಳಿ ತೀರಾ ಹೆಚ್ಚಾದ ರಾತ್ರಿ ಗೋಣಿತಟ್ಟು, ಬೆಳಗಾದರೆ ಅದೂ ಇಲ್ಲ. ಒಂದು ಮಾತು ಮಕ್ಕಳೇ: ಎಲೆಯ ರಸ ತಾಗಿದರೆ ಮೈ ತುರಿಸಿ ಉರಿಯುತ್ತದೆ, ತುದಿಮುಳ್ಳು ಕಣ್ಣಿಗೆ ಅಪಾಯ. ಕೊಯ್ಯುವ ಕೆಲಸ ದೊಡ್ಡವರಿಗೇ ಬಿಡಿ.

ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಈ ವರ್ಷ ತಂಗಿಯ ಗಿಡ ಇಪ್ಪತ್ತು ಅಡಿಯ ಹೂಗೋಲು ಎತ್ತಿತು. ಒಮ್ಮೆ ಹೂ ಬಿಟ್ಟರೆ ಕತ್ತಾಳೆ ಸಾಯುತ್ತದೆ ಎಂದಾಗ ಅವಳ ಮುಖ ಸಣ್ಣದಾಯಿತು. ಆದರೆ ಈ ಜಾತಿಯಲ್ಲಿ ಹೂ ಉದುರಿದ ಗೋಲಿನ ಮೇಲೆಯೇ ಪುಟ್ಟ ಮರಿಗಳು ಮೂಡುತ್ತವೆ. ಮೊನ್ನೆ ಅದರ ಕೆಳಗೆ ಕುಕ್ಕುರುಗಾಲಲ್ಲಿ ಕೂತು 37 ಮರಿ ಆರಿಸಿ ಓಢಣಿಯಲ್ಲಿ ಕಟ್ಟಿಕೊಂಡಳು.

“ಆಯಿ, ಇವಕ್ಕ ನೀರ್ ಯಾವಾಗ ಹಾಕ್ಲಿ?”

“ಮಳಿ ಬರ್ಲಿ, ತಡಿ” ಎಂದೆ.