ಅಗ್ಗದ ರೇಸಿಗೊಂದು ಬೇಲಿ

ಕಾರು ರೇಸು ಸಿರಿವಂತರ ಶೋಕಿ ಎಂಬ ಮಾತನ್ನು ಬ್ರಿಟನ್ನಿನ ‘750 ಮೋಟಾರ್ ಕ್ಲಬ್’ ಸುಳ್ಳಾಗಿಸಿತು. 1939ರಲ್ಲಿ ಹುಟ್ಟಿದ ಈ ಹವ್ಯಾಸಿ ಸಂಘ, ಯುದ್ಧಾನಂತರ ಅಗ್ಗಕ್ಕೆ ಸಿಗುತ್ತಿದ್ದ ಹಳೆಯ ಆಸ್ಟಿನ್ ಸೆವೆನ್ ಕಾರುಗಳ 747 ಸಿಸಿ ಎಂಜಿನ್ನಿಗೆಂದೇ ಒಂದು ವರ್ಗ ರೂಪಿಸಿತು.

ತೊಡಕು ಬಂದದ್ದು 1951ರಲ್ಲಿ. ಆ ಎಂಜಿನ್ನಿನ ನಾಲ್ಕು ಸಿಲಿಂಡರುಗಳಲ್ಲಿ ಎರಡೆರಡಕ್ಕೆ ಪೆಟ್ರೋಲ್ ಮಿಶ್ರಣ ಒಳಹೋಗಲು ಒಂದೇ ದಾರಿ. ಒಂದು ಎಳೆದುಕೊಂಡರೆ ಜೋಡಿಗೆ ಕೊರತೆ. ಮುಂದೆ ಫಾರ್ಮುಲಾ ಒನ್‌ನಲ್ಲಿ ಹೆಸರಾದ ಕಾಲಿನ್ ಚಾಪ್ಮನ್ ಆ ದಾರಿಯನ್ನೇ ಸೀಳಿ ನಾಲ್ಕಾಗಿಸಿದರು. ಅವರ ಲೋಟಸ್ ಉಳಿದವರನ್ನು ಬಹಳ ಹಿಂದೆ ಹಾಕಿತು. ಕ್ಲಬ್ ನಿಯಮ ತಿದ್ದಿ ಈ ಉಪಾಯವನ್ನು ನಿಷೇಧಿಸಿತು.

ಜಾಣ್ಮೆಗೆ ದಂಡವೇ? ಹಾಗೂ ಅನ್ನಬಹುದು. ಆದರೆ ಬಿಟ್ಟಿದ್ದರೆ ಎಲ್ಲರೂ ಅದನ್ನೇ ಮಾಡಿಸಬೇಕಿತ್ತು, ಖರ್ಚು ಏರುತ್ತಿತ್ತು. 1953ರಲ್ಲಿ ಫೋರ್ಡ್‌ನ 1172 ಸಿಸಿ ಎಂಜಿನ್ನಿಗೆ ಬೇರೆಯೇ ವರ್ಗ ಬಂತು. ಆಸ್ಟಿನ್ ಎಂಜಿನ್ನುಗಳು ವಿರಳವಾದಂತೆ ಹಳೆಯ ವರ್ಗದಲ್ಲೂ ರಿಲಯಂಟ್ ಎಂಜಿನ್ನಿಗೆ ಅನುಮತಿ ಸಿಕ್ಕಿತು.