ಯೋಧರ ವೈಕಲ್ಯಪಿಂಚಣಿಯೂ ರೋಗಭತ್ಯವೂ

ಯುದ್ಧದಲ್ಲಿ ಅಂಗವಿಕಲನಾದ ಯೋಧನ ಪಿಂಚಣಿಯನ್ನು ‘ವಿಶ್ರಾಂತಿವೇತನ’ವೆಂದು ಕರೆಯುವುದುಂಟು. ಈ ಹೆಸರು ಅಷ್ಟಾಗಿ ಒಪ್ಪದು. ಅದು ವಿಶ್ರಾಂತಿಗೆ ಸಲ್ಲುವ ವೇತನವಲ್ಲ, ದೇಹಕ್ಕಾದ ನಷ್ಟಕ್ಕೆ ತೆರುವ ಪರಿಹಾರ. ಮಡಿದ ವೀರನ ಮನೆಯವರಿಗೆ ಬಿಡುತ್ತಿದ್ದ ಭೂಮಿಗೆ ಕನ್ನಡ ಶಾಸನಗಳಲ್ಲಿರುವ ‘ನೆತ್ತರುಗೊಡಗೆ’ ಎಂಬ ಮಾತೇ ಅದರ ಭಾವಕ್ಕೆ ಹತ್ತಿರವಾದುದು. ರೋಗಭತ್ಯವಾದರೋ ದುಡಿಯಲಾರದವನಿಗೆ ತಪ್ಪಿಹೋದ ಕೂಲಿಗೆ ಬದಲು. ಇವೆರಡೂ ಒಬ್ಬನಿಗೇ ಸಲ್ಲುವಾಗ ಏನಾಗತಕ್ಕದ್ದೆಂಬುದೇ ಪ್ರಶ್ನೆ.

ಬ್ರಿಟನ್ನಿನ ಪದ್ಧತಿ ಇದಕ್ಕೆ ಒಳ್ಳೆಯ ನಿದರ್ಶನ. 2005ರ ಏಪ್ರಿಲ್ 6ಕ್ಕೆ ಹಿಂದಿನ ಸೇವೆಯಿಂದಾದ ವೈಕಲ್ಯವನ್ನು ಅಲ್ಲಿ ಶೇಕಡಾವಾರು ಅಳೆದು, ಅದು 20ಕ್ಕೆ ಕಡಮೆಯಿಲ್ಲದಿದ್ದರೆ ವಾರದ ಪಿಂಚಣಿಯನ್ನು ಕೊಡುವರು. (ಅನಂತರದ ಸೇವೆಗೆ ಬೇರೆ ಯೋಜನೆಯುಂಟು.) ಯೋಧನು ದುಡಿದರೂ ಇದು ನಿಲ್ಲದು, ವಿಮೆಯ ವಂತಿಗೆ ಕಟ್ಟಿ ಪಡೆದ ರೋಗಭತ್ಯದೊಡನೆಯೂ ಪೂರ್ತಿಯಾಗಿ ಸಲ್ಲುವುದು. ತೊಡಕಿರುವುದು ಉಪಭತ್ಯಗಳಲ್ಲಿ. ವೈಕಲ್ಯವು ಶೇಕಡಾ 60ನ್ನು ಮುಟ್ಟಿ ದುಡಿಯಲಾರದವನಾದರೆ ಪಿಂಚಣಿಗೆ ಸೇರಿಸುವ ಹಣವೂ ರೋಗಭತ್ಯವೂ ಒಂದೇ ಕೂಲಿನಷ್ಟವನ್ನು ತುಂಬುವುದರಿಂದ, ಎರಡನ್ನೂ ಪೂರ್ತಿಯಾಗಿ ಕೊಡುವುದಿಲ್ಲ. ಸದಾ ಆರೈಕೆ ಬೇಕಾದವನ ಭತ್ಯಕ್ಕೂ ಇದೇ ನ್ಯಾಯ. ಇಲ್ಲಿಯವರೆಗೆ ತರ್ಕವು ಸರಿಯಾಗಿಯೇ ಇದೆ.

ವರಮಾನವನ್ನು ನೋಡಿ ಕೊಡುವ ನೆರವಿನಲ್ಲಿ ಮಾತ್ರ ಅದು ಕೆಡುತ್ತದೆ. 2002ರ ಶಾಸನದಿಂದ ಬಂದ ವೃದ್ಧರ ‘ಪೆನ್ಶನ್ ಕ್ರೆಡಿಟ್’ನ ಲೆಕ್ಕದಲ್ಲಿ ಮೂಲಪಿಂಚಣಿಯಿಂದ ವಾರಕ್ಕೆ 10 ಪೌಂಡುಗಳನ್ನಷ್ಟೇ ಬಿಟ್ಟು, ಮಿಕ್ಕುದನ್ನೆಲ್ಲ ವರಮಾನವೆಂದು ಹಿಡಿಯುವ ನಿಯಮವಾಯಿತು. 2012ರ ಶಾಸನದ ‘ಯೂನಿವರ್ಸಲ್ ಕ್ರೆಡಿಟ್’ನಲ್ಲಾದರೋ ಇಡೀ ಪಿಂಚಣಿಯನ್ನೇ ಲೆಕ್ಕದಿಂದ ಬಿಟ್ಟಿದ್ದಾರೆ. ಕಾಲು ಕಳೆದುಕೊಂಡ ಬಡಯೋಧನು ವಯಸ್ಸಾಗಿ ಈ ನೆರವಿನಿಂದ ಆ ನೆರವಿಗೆ ದಾಟಿದೊಡನೆ, ನಿನ್ನೆ ಪರಿಹಾರವೆನಿಸಿದ್ದ ಹಣವು ಇಂದು ವರಮಾನವಾಗುತ್ತದೆ. ಕಾಲು ಮಾತ್ರ ಮರಳಿ ಬಂದಿರುವುದಿಲ್ಲ.